ಡಿಗ್ರಿಗೆ ಸೇರಿದ ಮೊದಲ ವಾರವೇ ಲೈಬ್ರರಿಗೆ ಹೋಗಿ: ಕಾರ್ಡ್ ಮಾಡ್ಸೋದ್ರಿಂದ ನೋ ಡ್ಯೂ ತನಕ

ನಾನು ಡಿಗ್ರಿ ಓದುವಾಗ ಎರಡು ವರ್ಷ ಮಧ್ಯಾಹ್ನದ ಹೊತ್ತು ನಮ್ಮ ಕಾಲೇಜಿನ ಲೈಬ್ರರಿ ಕೌಂಟರಲ್ಲಿ ಕೂತು ಪುಸ್ತಕ ಕೊಡೋದು, ವಾಪಸ್ ತಗೊಳ್ಳೋದು ಮಾಡ್ತಿದ್ದೆ. ಪ್ರತಿ ಸೆಮಿಸ್ಟರೂ ಅದೇ ಕಥೆ, ಎಕ್ಸಾಂ ಟೈಮ್‌ಟೇಬಲ್ ಬಂದ ದಿನ ಕೌಂಟರ್ ಮುಂದೆ ಸಾಲು, ಅದ್ರಲ್ಲಿ ಅರ್ಧ ಜನ ಕಾರ್ಡೇ ಮಾಡ್ಸಿರಲ್ಲ, ಇನ್ನರ್ಧ ಜನಕ್ಕೆ ಬೇಕಾದ ಪುಸ್ತಕ ಆಗ್ಲೇ ಬೇರೆಯವ್ರ ಮನೇಲಿ. ಅದಕ್ಕೇ ಈಗ ಫಸ್ಟ್ ಇಯರ್ ಸೇರಿರೋ ತಮ್ಮ ತಂಗಿಯರಿಗೆ ಇದನ್ನ ಬರೀತಿದೀನಿ. ರೂಲ್ಸ್ ಕಾಲೇಜಿಂದ ಕಾಲೇಜಿಗೆ ಸ್ವಲ್ಪ ಬೇರೆ ಇರತ್ತೆ, ಆದ್ರೆ ಕರ್ನಾಟಕದ ಸರ್ಕಾರಿ ಮತ್ತೆ ಅನುದಾನಿತ ಕಾಲೇಜುಗಳಲ್ಲಿ ಕೆಲಸ ನಡಿಯೋ ರೀತಿ ಹೆಚ್ಚು ಕಡಿಮೆ ಒಂದೇ.

ಮೊದಲು ಕಾರ್ಡ್. ಅಡ್ಮಿಷನ್ ಫೀಸ್ ಕಟ್ಟಿದ ರಸೀದಿ, ಕಾಲೇಜ್ ಐಡಿ, ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ ಇಷ್ಟು ತಗೊಂಡ್ ಹೋದ್ರೆ ಸಾಮಾನ್ಯವಾಗಿ ಕೆಲಸ ಆಗತ್ತೆ. ಕೆಲವು ಕಡೆ ಐಡಿ ಕಾರ್ಡೇ ಲೈಬ್ರರಿ ಕಾರ್ಡು, ಅದರ ಬಾರ್‌ಕೋಡ್ ಸ್ಕ್ಯಾನ್ ಮಾಡ್ತಾರೆ, ಕೆಲವು ಕಡೆ ಇನ್ನೂ ರಟ್ಟಿನ ಬಾರೋವರ್ಸ್ ಟಿಕೆಟ್ ಇದೆ, ಒಂದು ಟಿಕೆಟ್‌ಗೆ ಒಂದು ಪುಸ್ತಕ, ಪುಸ್ತಕ ವಾಪಸ್ ಕೊಟ್ಟಾಗ ಟಿಕೆಟ್ ನಿಮ್ಮ ಕೈಗೆ ಬರತ್ತೆ. ಆ ಟಿಕೆಟ್ ಕಳ್ಕೊಂಡ್ರೆ ಅವತ್ತೇ ಹೋಗಿ ಬರೆದು ಕೊಡಿ, ಯಾಕಂದ್ರೆ ಬೇರೆ ಯಾರಾದ್ರೂ ಅದರ ಮೇಲೆ ಪುಸ್ತಕ ತಗೊಂಡ್ರೆ ಲೆಕ್ಕ ನಿಮ್ಮ ಹೆಸರಲ್ಲೇ. ಕಾರ್ಡ್ ಮಾಡ್ಸೋವಾಗ್ಲೇ ನಾಲ್ಕು ವಿಷಯ ಕೇಳಿ ಬರ್ಕೊಳ್ಳಿ: ಒಂದ್ಸಲಕ್ಕೆ ಎಷ್ಟು ಪುಸ್ತಕ, ಎಷ್ಟು ದಿನ, ಎಷ್ಟು ಸಲ ರಿನ್ಯೂ ಮಾಡ್ಬಹುದು, ತಡ ಆದ್ರೆ ದಿನಕ್ಕೆ ಎಷ್ಟು ಫೈನ್. ನಮ್ಮಲ್ಲಿ ಎರಡು ಪುಸ್ತಕ, 15 ದಿನ, ದಿನಕ್ಕೆ 1 ರೂಪಾಯಿ ಇತ್ತು.

ಇನ್ನೊಂದು, ಇದನ್ನ ಎಷ್ಟೋ ಜನ ಕೇಳೋದೇ ಇಲ್ಲ. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ಬುಕ್ ಬ್ಯಾಂಕ್ ಅಂತ ಬೇರೆ ಸೌಲಭ್ಯ ಇರತ್ತೆ, ಅದ್ರಲ್ಲಿ ಟೆಕ್ಸ್ಟ್ ಬುಕ್‌ನ ಸೆಮಿಸ್ಟರ್ ಪೂರ್ತಿ ಇಟ್ಕೊಳ್ಳೋಕೆ ಕೊಡ್ತಾರೆ. ನೋಟೀಸ್ ಬೋರ್ಡಲ್ಲಿ ಹಾಕ್ತಾರೆ ಅಂತ ಕಾಯ್ಬೇಡಿ, ನೀವೇ ಹೋಗಿ ಲೈಬ್ರರಿಯನ್ ಸರ್ ಅಥವಾ ಮೇಡಂನ ಕೇಳಿ. ಕೇಳೋಕೆ ಸಂಕೋಚ ಪಟ್ಕೊಂಡು ಇಡೀ ವರ್ಷ ಜೆರಾಕ್ಸ್‌ಗೆ ದುಡ್ಡು ಸುರಿದ ಹುಡುಗರನ್ನ ನೋಡಿದೀನಿ, ನೋಡಿ ನಂಗೆ ತುಂಬಾ ಬೇಜಾರಾಗಿತ್ತು.

ಒಳಗೆ ಹೋಗೋವಾಗ ಬ್ಯಾಗ್ ಹೊರಗಿನ ರ‍್ಯಾಕಲ್ಲಿ ಇಡ್ಬೇಕು. ದುಡ್ಡು, ಫೋನು ಮಾತ್ರ ಜೊತೇಲಿ ಇಟ್ಕೊಳ್ಳಿ. ಗೇಟ್ ರಿಜಿಸ್ಟರಲ್ಲಿ ಹೆಸರು, ಟೈಮು ಬರೆಯೋದನ್ನ ಬೇಕಾಬಿಟ್ಟಿ ಮಾಡ್ಬೇಡಿ. ಕಾಲೇಜುಗಳಿಗೆ ಗ್ರೇಡ್ ಕೊಡೋ ನ್ಯಾಕ್ ಟೀಮ್ ಬಂದಾಗ ದಿನಕ್ಕೆ ಎಷ್ಟು ಜನ ಲೈಬ್ರರಿ ಬಳಸ್ತಾರೆ ಅಂತ ಅದೇ ರಿಜಿಸ್ಟರ್ ನೋಡಿ ಲೆಕ್ಕ ಹಾಕ್ತಾರೆ, ಹಾಗಾಗಿ ನೀವು ಬರೆಯೋ ಒಂದು ಸಾಲಿಗೂ ಬೆಲೆ ಇದೆ.

ಈಗ ಮುಖ್ಯ ವಿಷಯ, ಪುಸ್ತಕ ಹುಡುಕೋದು. ಪ್ರತಿ ಪುಸ್ತಕದ ಬೆನ್ನ ಮೇಲೆ ಒಂದು ಚೀಟಿ ಅಂಟ್ಸಿರ್ತಾರೆ, ಅದು ಕಾಲ್ ನಂಬರ್. ಒಳಗೆ ಸೀಲ್ ಹತ್ರ ಇರೋದು ಅಕ್ಸೆಷನ್ ನಂಬರ್, ಅದು ಆ ಒಂದು ಪ್ರತಿಯದ್ದು ಮಾತ್ರ, ಒಂದೇ ಟೈಟಲ್‌ನ ಐದು ಪ್ರತಿ ಇದ್ರೆ ಕಾಲ್ ನಂಬರ್ ಒಂದೇ, ಅಕ್ಸೆಷನ್ ನಂಬರ್ ಐದು. ಹುಡುಕೋಕೆ ಬೇಕಾಗಿರೋದು ಕಾಲ್ ನಂಬರ್. ನಮ್ಮ ಹೆಚ್ಚಿನ ಕಾಲೇಜುಗಳಲ್ಲಿ ಇದು ಡ್ಯೂಯಿ ದಶಮಾಂಶ ಪದ್ಧತಿ, ಮೆಲ್ವಿಲ್ ಡ್ಯೂಯಿ 1876ರಲ್ಲಿ ತಂದಿದ್ದು, ಇಡೀ ಜ್ಞಾನವನ್ನ 000 ಇಂದ 999 ತನಕ ಹಂಚಿದಾರೆ. 330 ಅರ್ಥಶಾಸ್ತ್ರ, 510 ಗಣಿತ, 530 ಫಿಸಿಕ್ಸ್, 540 ಕೆಮಿಸ್ಟ್ರಿ, 657 ಅಕೌಂಟೆನ್ಸಿ, 658 ಮ್ಯಾನೇಜ್‌ಮೆಂಟ್, ಕಂಪ್ಯೂಟರ್ 004 ಇಂದ 006, ಕನ್ನಡ ಸಾಹಿತ್ಯ 894.814. ನಿಮ್ಮ ಸಬ್ಜೆಕ್ಟಿನ ಮೂರು ನಂಬರ್ ನೆನಪಿದ್ರೆ ಸಾಕು, ನೇರ ಆ ರ‍್ಯಾಕಿಗೆ ಹೋಗ್ಬಹುದು.

ಎಲ್ಲರೂ ತಪ್ಪು ಮಾಡೋ ಜಾಗ ಪಾಯಿಂಟ್ ಆದ್ಮೇಲೆ ಬರೋ ಅಂಕಿಗಳು. 519.53 ಅನ್ನೋದನ್ನ "ಪಾಯಿಂಟ್ ಐವತ್ತಮೂರು" ಅಂತ ಓದ್ಕೊಂಡು 519.6 ಆದ್ಮೇಲೆ ಹುಡುಕ್ತಾರೆ, ಅಲ್ಲಿ ಇರಲ್ಲ, ಪುಸ್ತಕ ಇಲ್ಲ ಸರ್ ಅಂತ ವಾಪಸ್ ಬರ್ತಾರೆ. ಅದು ದಶಮಾಂಶ, ಒಂದೊಂದೇ ಅಂಕಿ ಓದ್ಬೇಕು, ಪಾಯಿಂಟ್ ಐದು ಮೂರು, ಹಾಗಾಗಿ 519.5, ಆಮೇಲೆ 519.53, ಅದಾದ್ಮೇಲೆ 519.6. ಇಷ್ಟು ಗೊತ್ತಾದ ಮೇಲೆ ಈ ನಂಬರ್‌ಗಳಲ್ಲಿ ಒಂದು ಚಂದ ಇದೆ ಅನ್ನೋದೂ ಕಾಣತ್ತೆ. ಭಾರತದ ಇತಿಹಾಸ 954, ಅದರಲ್ಲಿ 54 ಅನ್ನೋದು ಭಾರತ, ಅದೇ 54 ಭಾರತದ ಆರ್ಥಿಕತೆಗೆ 330.954 ಆಗಿ ಬರತ್ತೆ, ಭಾರತದ ರಾಜಕೀಯಕ್ಕೆ 320.954 ಆಗಿ ಬರತ್ತೆ, ಕರ್ನಾಟಕದ ಇತಿಹಾಸ 954.87. ಒಂದು ಸಲ ಇದು ತಲೆಗೆ ಹತ್ತಿದ್ರೆ ನಿಮಗೆ ಬೇಕಾದ ಪುಸ್ತಕದ ಅಕ್ಕಪಕ್ಕದಲ್ಲೇ ಅದೇ ವಿಷಯದ ಇನ್ನೂ ನಾಲ್ಕು ಪುಸ್ತಕ ಸಿಗತ್ತೆ, ಸೆಮಿನಾರ್ ಪೇಪರ್‌ಗೆ ನಂಗೆ ಸಿಕ್ಕಿದ ಒಳ್ಳೇ ಪುಸ್ತಕಗಳೆಲ್ಲ ಹೀಗೇ ಪಕ್ಕದಲ್ಲಿ ಸಿಕ್ಕಿದ್ದು.

ನಂಬರಿನ ಕೆಳಗೆ ಮೂರು ಅಕ್ಷರ ಇರತ್ತಲ್ಲ, ಅದು ಸಾಮಾನ್ಯವಾಗಿ ಲೇಖಕರ ಹೆಸರಿನ ಮೊದಲ ಮೂರು ಅಕ್ಷರ. ಒಂದೇ ನಂಬರಿನ ಐವತ್ತು ಪುಸ್ತಕ ಇದ್ದಾಗ ಆ ಅಕ್ಷರ ನೋಡಿಯೇ ಹುಡುಕ್ಬೇಕು.

ಕಂಪ್ಯೂಟರಲ್ಲೂ ಹುಡುಕ್ಬಹುದು, ಅಲ್ಲಿರೋ ಲೈಬ್ರರಿ ಪುಸ್ತಕಗಳ ಪಟ್ಟಿಗೆ ಓಪ್ಯಾಕ್ ಅಂತಾರೆ. ಕೋಹಾ, ಇ-ಗ್ರಂಥಾಲಯ, ಸೋಲ್, ಈಸಿಲಿಬ್, ಯಾವ ಸಾಫ್ಟ್‌ವೇರ್ ಇದ್ರೂ ಹುಡುಕೋ ರೀತಿ ಒಂದೇ. ಪೂರ್ತಿ ಟೈಟಲ್ ಟೈಪ್ ಮಾಡ್ಬೇಡಿ, ಒಂದು ಅಕ್ಷರ ಹೆಚ್ಚುಕಮ್ಮಿ ಆದ್ರೂ ಸೊನ್ನೆ ತೋರ್ಸತ್ತೆ, ಟೈಟಲ್‌ನ ಒಂದು ಗಟ್ಟಿ ಪದ, ಲೇಖಕರ ಹೆಸರಿನ ಒಂದು ಭಾಗ ಅಷ್ಟೇ ಹಾಕಿ. ಕನ್ನಡ ಪುಸ್ತಕಕ್ಕೆ ಇನ್ನೂ ತೊಂದ್ರೆ, ಕೆಲವು ಎಂಟ್ರಿ ಕನ್ನಡದಲ್ಲಿ, ಹಳೇವು ಇಂಗ್ಲಿಷ್ ಅಕ್ಷರದಲ್ಲಿ, ಅದೂ ಟೈಪ್ ಮಾಡಿದೋರು ಬರೆದ ಸ್ಪೆಲ್ಲಿಂಗಲ್ಲಿ. ಕುವೆಂಪು ಅಂತ ಹುಡುಕಿದ್ರೆ ಕೆಲವು ಬರತ್ತೆ, ಪುಟ್ಟಪ್ಪ ಅಂತ ಹುಡುಕಿದ್ರೆ ಇನ್ನು ಕೆಲವು ಬರತ್ತೆ. ಎರಡು ಮೂರು ರೀತಿ ಹಾಕಿ ನೋಡದೆ ಇಲ್ಲ ಅಂತ ತೀರ್ಮಾನ ಮಾಡ್ಬೇಡಿ. ಓಪ್ಯಾಕಲ್ಲಿ "ಇದೆ" ಅಂತ ತೋರ್ಸಿ ರ‍್ಯಾಕಲ್ಲಿ ಇಲ್ಲದಿದ್ರೆ ಮೊದಲು ಟೇಬಲ್‌ಗಳ ಮೇಲೆ ನೋಡಿ, ಆಮೇಲೆ ಕೌಂಟರ್ ಹಿಂದೆ ವಾಪಸ್ ಬಂದು ಇನ್ನೂ ಜೋಡ್ಸದೇ ಇರೋ ರಾಶಿ ನೋಡೋಕೆ ಅಟೆಂಡರ್ ಅಣ್ಣನ್ನ ಕೇಳಿ, ಹತ್ತರಲ್ಲಿ ಐದು ಸಲ ಅಲ್ಲೇ ಇರತ್ತೆ. ಅದಕ್ಕೇ ಓದಿ ಆದ ಪುಸ್ತಕ ನೀವೇ ರ‍್ಯಾಕಿಗೆ ಹಾಕ್ಬೇಡಿ, ಟೇಬಲ್ ಮೇಲೆ ಬಿಡಿ. ತಪ್ಪು ಜಾಗಕ್ಕೆ ಹೋದ ಪುಸ್ತಕ ಎಲ್ಲಾ ಪುಸ್ತಕ ಎಣಿಸಿ ನೋಡೋ ಮುಂದಿನ ಸ್ಟಾಕ್ ವೆರಿಫಿಕೇಶನ್ ತನಕ ಕಳೆದುಹೋದ ಹಾಗೇನೇ.

ಪುಸ್ತಕ ಸಿಕ್ತು, ಈಗ ಇಶ್ಯೂ. ಕೌಂಟರಿಗೆ ಕೊಡೋ ಮುಂಚೆ ಪುಟ ತಿರುಗಿಸಿ ನೋಡಿ. ಹರಿದಿದೆಯಾ, ಮಧ್ಯೆ ಪುಟ ಕಿತ್ತಿದಾರಾ, ಪೆನ್ನಲ್ಲಿ ಗೀಚಿದಾರಾ. ಇದ್ರೆ ಅಲ್ಲೇ ತೋರ್ಸಿ, ವಾಪಸ್ ಕೊಡ್ಬೇಕಾದ ದಿನ ಬರೆಯೋ ಡ್ಯೂ ಡೇಟ್ ಸ್ಲಿಪ್ ಹತ್ರ ಪೆನ್ಸಿಲಲ್ಲಿ "ಪುಟ 112ರಿಂದ 118 ಇಲ್ಲ" ಅಂತ ಬರೆಸಿ ಸಹಿ ಹಾಕಿಸ್ಕೊಳ್ಳಿ. ಯಾಕಂದ್ರೆ ವಾಪಸ್ ಕೊಡೋವಾಗ ಅದು ಕಣ್ಣಿಗೆ ಬಿದ್ರೆ ಕೊನೆಗೆ ತಗೊಂಡೋರೇ ಹೊಣೆ. ನಾನು ಕೌಂಟರಲ್ಲಿದ್ದಾಗ ಒಬ್ಬ ಹುಡುಗ ತಾನು ಹರಿಯದೇ ಇರೋ ಪುಟಕ್ಕೆ ಪೂರ್ತಿ ಪುಸ್ತಕದ ದುಡ್ಡು ಕಟ್ಟಿದ, ಅವನು ನಿಜ ಹೇಳ್ತಿದಾನೆ ಅಂತ ನಮಗೆ ಅನ್ನಿಸ್ತಿತ್ತು, ಆದ್ರೆ ತೋರ್ಸೋಕೆ ಅವನ ಹತ್ರ ಏನೂ ಇರ್ಲಿಲ್ಲ. ರೆಫರೆನ್ಸ್ ಅಂತ ಸೀಲ್ ಇರೋ ಡಿಕ್ಷನರಿ, ವಿಶ್ವಕೋಶ, ಬೌಂಡ್ ಮಾಡಿದ ಜರ್ನಲ್‌ಗಳು ಮನೆಗೆ ಸಿಗಲ್ಲ, ಅಲ್ಲೇ ಕೂತು ಓದ್ಬೇಕು. ಬೇಕಾದ ಪುಟದ ಫೋಟೋ ತೆಗೀಬಹುದಾ ಅಂತ ಕೇಳಿ, ಕೇಳದೆ ತೆಗೀಬೇಡಿ.

ಡ್ಯೂ ಡೇಟ್ ಬಗ್ಗೆ ಸ್ವಲ್ಪ ಹೆಚ್ಚಾಗಿ ಹೇಳ್ತೀನಿ. ದಿನಕ್ಕೆ ಒಂದು ರೂಪಾಯಿ ತಾನೇ, ಕಟ್ಟಿದ್ರಾಯ್ತು ಅಂತ ತುಂಬಾ ಜನ ಅಂದ್ಕೋತಾರೆ. ನಮ್ಮಲ್ಲಿ ಒಂದು ಸ್ಟ್ಯಾಟಿಸ್ಟಿಕ್ಸ್ ಪುಸ್ತಕ ಇತ್ತು, ಇದ್ದಿದ್ದೇ ಒಂದು ಪ್ರತಿ, ಒಬ್ರು ತಗೊಂಡ್ ಹೋಗಿ ಎರಡು ತಿಂಗಳ ಮೇಲಾದ್ರೂ ತಂದಿರ್ಲಿಲ್ಲ. ಸೆಕೆಂಡ್ ಇಯರ್ ಹುಡುಗಿಯೊಬ್ಬಳು ಹಳ್ಳಿಯಿಂದ ಬಸ್ಸಲ್ಲಿ ಬರೋಳು, ಪ್ರತಿ ಸೋಮವಾರ ಕೌಂಟರ್ ಹತ್ರ ಬಂದು "ಅಣ್ಣ, ಆ ಪುಸ್ತಕ ಬಂತಾ" ಅಂತ ಕೇಳೋಳು, ನಾನು ಪ್ರತಿ ಸೋಮವಾರ ಇಲ್ಲ ಅನ್ನೋನು. ಕೊನೆಗೆ ಪುಸ್ತಕ ಬಂತು, ಐವತ್ತೆರಡು ರೂಪಾಯಿ ಫೈನೂ ಬಂತು, ಆದ್ರೆ ಅಷ್ಟೊತ್ತಿಗೆ ಅವಳ ಎರಡು ಇಂಟರ್ನಲ್ಸೂ ಮುಗಿದಿತ್ತು. ಆ ಫೈನ್ ಹೋಗಿದ್ದು ಕಾಲೇಜ್ ಅಕೌಂಟಿಗೆ, ಅವಳಿಗೆ ಏನೂ ಸಿಗ್ಲಿಲ್ಲ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅಂತ ಕರೆಯೋ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರ ಕೊಟ್ರು, ಅದ್ರಲ್ಲಿ ಎರಡನೇದು ಪ್ರತಿ ಓದುಗರಿಗೂ ಅವರವರ ಪುಸ್ತಕ ಸಿಗ್ಬೇಕು ಅನ್ನೋದು. ಅವರು ಕೊನೆಗಾಲದಲ್ಲಿ ನಮ್ಮ ಬೆಂಗಳೂರಲ್ಲೇ ಇದ್ದೋರು, 1962ರಲ್ಲಿ ಇಲ್ಲೇ ಡಿಆರ್‌ಟಿಸಿ ಅನ್ನೋ ಲೈಬ್ರರಿ ತರಬೇತಿ ಕೇಂದ್ರ ಶುರು ಮಾಡಿದ್ರು, ಅವರ ಹುಟ್ಟಿದ ದಿನ ಆಗಸ್ಟ್ 12ನ್ನೇ ಗ್ರಂಥಪಾಲಕರ ದಿನ ಅಂತ ಕಾಲೇಜುಗಳಲ್ಲಿ ಆಚರಿಸ್ತಾರೆ. ಡ್ಯೂ ಡೇಟ್ ಇರೋದು ಆ ಎರಡನೇ ಸೂತ್ರಕ್ಕೆ, ಆ ಸೋಮವಾರದ ಹುಡುಗಿಗೆ.

ಹಾಗಾಗಿ ಪುಸ್ತಕ ತಗೊಂಡ ತಕ್ಷಣ ಫೋನಲ್ಲಿ ಡ್ಯೂ ಡೇಟಿಗೆ ಎರಡು ದಿನ ಮುಂಚೆ ರಿಮೈಂಡರ್ ಇಡಿ. ಓದಿ ಮುಗಿದಿಲ್ಲ ಅಂದ್ರೆ ಡ್ಯೂ ಡೇಟ್ ಒಳಗೇ ರಿನ್ಯೂ ಮಾಡ್ಸಿ, ಬಹಳ ಕಡೆ ಪುಸ್ತಕನೂ ಜೊತೆಗೆ ತರ್ಬೇಕು, ಬೇರೆ ಯಾರಾದ್ರೂ ರಿಸರ್ವ್ ಮಾಡಿದ್ರೆ ರಿನ್ಯೂವಲ್ ಸಿಗಲ್ಲ. ನಿಮಗೆ ಬೇಕಾದ ಪುಸ್ತಕ ಹೊರಗೆ ಹೋಗಿದ್ರೆ ನೀವೂ ರಿಸರ್ವ್ ಮಾಡಿ, ಸುಮ್ನೆ ಬಂದು ಕೇಳ್ತಾ ಇರ್ಬೇಡಿ. ಭಾನುವಾರ, ಹಬ್ಬದ ರಜಕ್ಕೆ ಫೈನ್ ಲೆಕ್ಕ ಹಾಕ್ತಾರೋ ಇಲ್ವೋ ಅನ್ನೋದನ್ನೂ ಮೊದಲೇ ಕೇಳಿಟ್ಕೊಳ್ಳಿ. ನಿಮ್ಮ ಕಾರ್ಡಲ್ಲಿ ಫ್ರೆಂಡಿಗೆ ಪುಸ್ತಕ ತೆಗ್ಸಿಕೊಡ್ಬೇಡಿ, ಸ್ನೇಹ ಎಷ್ಟೇ ಗಟ್ಟಿ ಇದ್ರೂ ಕಳೆದ್ರೆ ತಂದ್ಕೊಡ್ಬೇಕಾದೋರು ನೀವು. ಕಳೆದೇ ಹೋದ್ರೆ ಮುಚ್ಚಿಡ್ಬೇಡಿ, ಅವತ್ತೇ ಹೋಗಿ ಲೈಬ್ರರಿಯನ್‌ಗೆ ಬರೆದು ಕೊಡಿ, ದಿನ ತಳ್ಳಿದಷ್ಟೂ ಫೈನ್ ಏರ್ತಾನೇ ಇರತ್ತೆ. ಸಾಮಾನ್ಯವಾಗಿ ಅದೇ ಪುಸ್ತಕದ ಅದೇ ಅಥವಾ ಹೊಸ ಎಡಿಷನ್ ತಂದ್ಕೊಡೋಕೆ ಹೇಳ್ತಾರೆ, ಮಾರ್ಕೆಟಲ್ಲಿ ಸಿಗದಿದ್ರೆ ಬೆಲೆ ಕಟ್ಟಿಸ್ಕೋತಾರೆ, ಕೆಲವು ಕಡೆ ಎರಡು ಪಟ್ಟು. ಯಾವುದಕ್ಕೇ ದುಡ್ಡು ಕೊಟ್ರೂ ರಸೀದಿ ಇಲ್ಲದೆ ಬರ್ಬೇಡಿ.

ಮನೆಯಿಂದಲೇ ಓದೋಕೆ ಏನೇನಿದೆ ಅಂತ ತುಂಬಾ ಜನಕ್ಕೆ ಗೊತ್ತಿಲ್ಲ. ಗುಜರಾತಿನ ಗಾಂಧಿನಗರದಲ್ಲಿರೋ ಇನ್‌ಫ್ಲಿಬ್‌ನೆಟ್ ಅನ್ನೋ ಯುಜಿಸಿ ಕೇಂದ್ರ ನಡೆಸೋ ಎನ್-ಲಿಸ್ಟ್ ಅನ್ನೋ ಆನ್‌ಲೈನ್ ಸೌಲಭ್ಯಕ್ಕೆ ನಿಮ್ಮ ಕಾಲೇಜ್ ಸದಸ್ಯ ಆಗಿದ್ರೆ 6,000ಕ್ಕೂ ಹೆಚ್ಚು ಇ-ಜರ್ನಲ್, ಲಕ್ಷಕ್ಕೂ ಮೇಲೆ ಇ-ಪುಸ್ತಕ ಓದ್ಬಹುದು. ಅದಕ್ಕೆ ಲೈಬ್ರರಿಯನ್ ಹತ್ರ ಹೆಸರು, ಮೇಲ್ ಐಡಿ ಕೊಡ್ಬೇಕು, ಲಾಗಿನ್ ಮೇಲ್‌ಗೆ ಬರತ್ತೆ, ಸ್ಪ್ಯಾಮ್ ಫೋಲ್ಡರೂ ನೋಡಿ. ಸರ್ಕಾರಿ ಕಾಲೇಜು, ಯೂನಿವರ್ಸಿಟಿಯವರಿಗೆ 2025ರ ಜನವರಿ 1ರಿಂದ ಒಂದು ರಾಷ್ಟ್ರ ಒಂದು ಚಂದಾ ಯೋಜನೆನೂ ಬಂದಿದೆ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, ನಿಮ್ಮ ಕಾಲೇಜ್ ನೋಂದಣಿ ಆಗಿದೆಯಾ ಅಂತ ಕೇಳಿ. ಪ್ರಾಜೆಕ್ಟ್ ಮಾಡೋರಿಗೆ ಶೋಧಗಂಗಾ ಇದೆ, ಲಾಗಿನ್ ಬೇಡ, ದೇಶದ ಯೂನಿವರ್ಸಿಟಿಗಳ ಪಿಎಚ್‌ಡಿ ಪ್ರಬಂಧಗಳು, ಕನ್ನಡದಲ್ಲೇ ಬರೆದಿರೋವೂ ಇವೆ, ಅದರ ಕೊನೆಯ ಗ್ರಂಥಋಣ ಪಟ್ಟಿ ಒಂದೇ ಸಾಕು ನೀವು ಯಾವ ಪುಸ್ತಕ ಹುಡುಕ್ಬೇಕು ಅಂತ ಗೊತ್ತಾಗೋಕೆ. ಐಐಟಿ ಖರಗ್‌ಪುರದವರ ನ್ಯಾಷನಲ್ ಡಿಜಿಟಲ್ ಲೈಬ್ರರೀನೂ ಫ್ರೀ. ಪಾಸ್‌ವರ್ಡ್ ಮಾತ್ರ ಕ್ಲಾಸ್ ಗ್ರೂಪಲ್ಲಿ ಹಾಕ್ಬೇಡಿ, ಒಟ್ಟಿಗೆ ನೂರಾರು ಪೇಪರ್ ಡೌನ್‌ಲೋಡ್ ಮಾಡ್ಬೇಡಿ, ಒಬ್ಬರು ಮಾಡಿದ ತಪ್ಪಿಗೆ ಇಡೀ ಕಾಲೇಜಿನ ಲಾಗಿನ್ ಬ್ಲಾಕ್ ಆಗ್ಬಹುದು.

ಹಳೇ ಪ್ರಶ್ನೆಪತ್ರಿಕೆ ಬೈಂಡ್ ಮಾಡಿ ಇಟ್ಟಿರ್ತಾರೆ, ಕೇಳಿದ್ರೆ ಕೊಡ್ತಾರೆ. ಇಲ್ಲದಿರೋ ಪುಸ್ತಕಕ್ಕೆ ಸಜೆಷನ್ ರಿಜಿಸ್ಟರಲ್ಲಿ ಟೈಟಲ್, ಲೇಖಕರು, ಪ್ರಕಾಶಕರು ಪೂರ್ತಿ ಬರೀರಿ, ನಿಮ್ಮ ಡಿಪಾರ್ಟ್‌ಮೆಂಟ್ ಮೇಷ್ಟ್ರಿಗೂ ಹೇಳಿ, ಹೊಸ ಪುಸ್ತಕದ ಪಟ್ಟಿ ಹೆಚ್ಚಾಗಿ ಅವರ ಮೂಲಕವೇ ಹೋಗೋದು. ಲೈಬ್ರರಿಗಳು ಪುಸ್ತಕ ಹಂಚ್ಕೊಳ್ಳೋ ಡೆಲ್ನೆಟ್ ಅನ್ನೋ ಜಾಲಕ್ಕೆ ಕಾಲೇಜ್ ಸದಸ್ಯ ಆಗಿದ್ರೆ ಬೇರೆ ಊರಿನ ಲೈಬ್ರರಿಯಿಂದ ತರಿಸ್ಕೊಡೋ ವ್ಯವಸ್ಥೆನೂ ಇದೆ.

ಕೊನೇದು ನೋ ಡ್ಯೂ, ಅಂದ್ರೆ ನಿಮ್ಮಿಂದ ಲೈಬ್ರರಿಗೆ ಏನೂ ಬಾಕಿ ಇಲ್ಲ ಅಂತ ಬರೆದು ಕೊಡೋ ಚೀಟಿ. ಬಹಳ ಕಾಲೇಜಲ್ಲಿ ಲೈಬ್ರರಿ ಸಹಿ ಇಲ್ಲದೆ ಟಿಸಿ ಕೊಡಲ್ಲ, ಕೆಲವು ಕಡೆ ಹಾಲ್ ಟಿಕೆಟ್ಟೂ ಕೊಡಲ್ಲ. ಪುಸ್ತಕ ವಾಪಸ್ ಕೊಟ್ಟ ದಿನವೇ ನಿಮ್ಮ ಹೆಸರಿನ ಮೇಲಿಂದ ತೆಗೆದಿದಾರಾ ಅಂತ ಸ್ಕ್ರೀನಲ್ಲೋ ರಿಜಿಸ್ಟರಲ್ಲೋ ಕಣ್ಣಾರೆ ನೋಡಿ, ಗಡಿಬಿಡೀಲಿ ಬಿಟ್ಟುಹೋಗೋದು ಉಂಟು, ಎರಡು ವರ್ಷ ಆದ್ಮೇಲೆ ನಾನು ಕೊಟ್ಟಿದ್ದೆ ಅಂದ್ರೆ ಯಾರಿಗೂ ನೆನಪಿರಲ್ಲ. ಫೈನಲ್ ಇಯರಲ್ಲಿ ಕಡೇ ಎಕ್ಸಾಂ ತನಕ ಕಾಯದೆ ಹದಿನೈದು ದಿನ ಮುಂಚೆ ಹೋಗಿ ಏನಾದ್ರೂ ಬಾಕಿ ಇದೆಯಾ ನೋಡ್ಕೊಳ್ಳಿ. ಫಸ್ಟ್ ಇಯರಲ್ಲಿ ಲೈಬ್ರರಿ ಡೆಪಾಸಿಟ್ ಕಟ್ಟಿದ್ರೆ ಅದು ನಿಮ್ಮ ದುಡ್ಡು, ವಾಪಸ್ ಸಿಗತ್ತೆ, ನೋ ಡ್ಯೂ ಜೊತೆ ಆ ಹಳೇ ರಸೀದಿ ಇಟ್ಟು ಆಫೀಸಲ್ಲಿ ಅರ್ಜಿ ಕೊಡ್ಬೇಕು. ಅದಕ್ಕೆ ಆ ರಸೀದಿಯ ಫೋಟೋ ಇವತ್ತೇ ತೆಗೆದಿಟ್ಕೊಳ್ಳಿ, ಮೂರು ವರ್ಷಕ್ಕೆ ಅದರ ಮೇಲಿನ ಅಕ್ಷರ ಅಳಿಸಿಹೋಗಿರತ್ತೆ.