ಮೂರು ಗ್ರಾಂ ಎಲೆ, ಒಂದು ಬಟ್ಟಲು ಕುದಿನೀರು: ತೈವಾನಿನ ಊಲಾಂಗ್ ರುಚಿಯನ್ನು ನಾನು ಕಲಿತ ಬಗೆ

ಸಿಂಚು ನಗರದ ಪ್ರಯೋಗಾಲಯವೊಂದಕ್ಕೆ ಮೂರು ವರ್ಷದ ಕೆಲಸಕ್ಕೆಂದು ಹೋದಾಗ, ಹಾವೇರಿಯ ಕಡೆಯವನಾದ ನನಗೆ ಚಹಾ ಎಂದರೆ ಹಾಲು, ಸಕ್ಕರೆ, ಜಜ್ಜಿದ ಶುಂಠಿ ಬಿದ್ದು ಎರಡು ಸಲ ಉಕ್ಕಿ ಬರಬೇಕಾದ ಪದಾರ್ಥವಾಗಿತ್ತು. ಮೊದಲ ತಿಂಗಳಲ್ಲೇ ಸಹೋದ್ಯೋಗಿಯೊಬ್ಬರು ಉಡುಗೊರೆಯಾಗಿ ಕೊಟ್ಟ ಊಲಾಂಗ್ (ಹಸಿರು ಚಹಾಕ್ಕೂ ಕಪ್ಪು ಚಹಾಕ್ಕೂ ನಡುವಿನ ಬಗೆ) ಎಲೆಯನ್ನೂ ನಾನು ಹಾಗೆಯೇ ಹಾಲಿನಲ್ಲಿ ಕುದಿಸಿದೆ. ಕಡಲೆಕಾಳಿಗಿಂತ ಚಿಕ್ಕದಾದ ಉಂಡೆಗಳು ಪಾತ್ರೆಯಲ್ಲಿ ಬಿಚ್ಚಿಕೊಂಡು, ತೊಟ್ಟು ಸಮೇತ ಇಡೀ ಎಲೆಗಳಾಗಿ ತೇಲಿದವು. ಅದನ್ನು ಕುಡಿಯಲಾಗದೆ ಚೆಲ್ಲಿದೆ. ಪೊಟ್ಟಣದ ಮೇಲಿದ್ದ ಅಕ್ಷರಗಳನ್ನು ಓದಲು ಕಲಿತ ಮೇಲೆ ಗೊತ್ತಾಯಿತು, ನಾನು ಚೆಲ್ಲಿದ್ದು ಲೀಶಾನ್ ಬೆಟ್ಟದ ಚಳಿಗಾಲದ ಕೊಯ್ಲು ಎಂದು. ಕೊಟ್ಟವರಿಗೆ ಈ ವಿಷಯವನ್ನು ನಾನು ಇಂದಿಗೂ ಹೇಳಿಲ್ಲ.

ಬಳಿಕ ಕುತೂಹಲದಿಂದ ಅಂಗಡಿಗಳಿಗೆ ಹೋದರೆ ಹೆಸರುಗಳೇ ದಾರಿ ತಪ್ಪಿಸುತ್ತಿದ್ದವು. ಅಲಿಶಾನ್, ಜಿನ್‌ಶ್ವೆನ್, ಬಾವ್‌ಝೋಂಗ್, ಡೋಂಗ್‌ಡಿಂಗ್, ಟಿಯೆಗ್ವಾನ್‌ಯಿನ್, ಸಿಜಿಚುನ್ ಎಂಬ ಪೊಟ್ಟಣಗಳು ಒಂದೇ ಕಪಾಟಿನಲ್ಲಿ ಸಾಲಾಗಿ ನಿಂತಿದ್ದರಿಂದ ಇವೆಲ್ಲ ಒಂದೇ ಬಗೆಯ ಹೆಸರುಗಳೆಂದು ನಾನು ಭಾವಿಸಿದ್ದೆ. ಒಬ್ಬ ವಯಸ್ಸಾದ ಅಂಗಡಿಯವರು ಎರಡು ಪೊಟ್ಟಣಗಳನ್ನು ಕೈಗೆತ್ತಿಕೊಂಡು, ‘ಇದು ಊರಿನ ಹೆಸರು, ಇದು ಗಿಡದ ಹೆಸರು’ ಎಂದಾಗ ಗಂಟು ಸಡಿಲವಾಯಿತು. ಅಲಿಶಾನ್ ಎಂಬುದು ಜಾಗ. ಜಿನ್‌ಶ್ವೆನ್ ಎಂಬುದು ತಳಿ. ಬಾವ್‌ಝೋಂಗ್ ಎಂಬುದು ತಯಾರಿಸುವ ಕ್ರಮ. ಡೋಂಗ್‌ಡಿಂಗ್ ಎಂಬುದು ಮೂಲತಃ ಒಂದು ಬೆಟ್ಟದ ಹೆಸರಾಗಿದ್ದು ಈಗ ಹುರಿಯುವ ಶೈಲಿಗೂ ಅಂಟಿಕೊಂಡಿದೆ. ಹಾಗಾಗಿ ಅಲಿಶಾನಿನಲ್ಲಿ ಬೆಳೆದ ಜಿನ್‌ಶ್ವೆನ್ ಇರಬಹುದು, ಅಲಿಶಾನಿನ ಎಲೆಯನ್ನೇ ಡೋಂಗ್‌ಡಿಂಗ್ ಶೈಲಿಯಲ್ಲಿ ಹುರಿದದ್ದೂ ಇರಬಹುದು. ನಮ್ಮಲ್ಲಿ ಒಂದೇ ಅಕ್ಕಿಯನ್ನು ಒಬ್ಬರು ಸೋನಾಮಸೂರಿ ಎಂದು, ಇನ್ನೊಬ್ಬರು ಗಂಗಾವತಿ ಅಕ್ಕಿ ಎಂದು, ಮತ್ತೊಬ್ಬರು ಸ್ಟೀಮ್ ಅಕ್ಕಿ ಎಂದು ಕರೆಯುವಂತೆಯೇ ಇದು.

ಅಂದಿನಿಂದ ನಾನು ಪ್ರಯೋಗಾಲಯದ ಅಭ್ಯಾಸಕ್ಕೆ ಮರಳಿದೆ: ಒಂದನ್ನು ಮಾತ್ರ ಬದಲಿಸು, ಉಳಿದದ್ದನ್ನು ಹಾಗೆಯೇ ಇಡು. ತೈವಾನಿನ ಚಹಾ ಸ್ಪರ್ಧೆಗಳಲ್ಲಿ ತೀರ್ಪುಗಾರರು ಬಳಸುವ ಕ್ರಮ ಇದಕ್ಕೆ ಹೇಳಿ ಮಾಡಿಸಿದಂತಿದೆ. 3 ಗ್ರಾಂ ಎಲೆಗೆ 150 ಮಿಲಿಲೀಟರ್ ಕುದಿನೀರು ಹಾಕಿ, ನೂಲಿನಂತೆ ಹೊಸೆದ ಎಲೆಯಾದರೆ 5 ನಿಮಿಷ, ಉಂಡೆ ಕಟ್ಟಿದ ಎಲೆಯಾದರೆ 6 ನಿಮಿಷ ಮುಚ್ಚಿಟ್ಟು, ಬಳಿಕ ಬಿಳಿಯ ಬಟ್ಟಲಿಗೆ ಬಸಿಯುವುದು, ಅಷ್ಟೇ. ಹೀಗೆ ಮಾಡಿದ ಚಹಾ ಮುದ ನೀಡುವಂಥದ್ದಲ್ಲ, ಸ್ವಲ್ಪ ಗಡುಸಾಗಿಯೇ ಇರುತ್ತದೆ. ಆದರೆ ಎಲೆ ತನ್ನ ದೋಷವನ್ನು ಮುಚ್ಚಿಡಲಾರದು. ಬಿಸಿಯಲ್ಲಿ ಸೊಗಸಾಗಿದ್ದ ಚಹಾ ಆರಿದ ಮೇಲೆ ಒಗರಾಗಿ, ಹಸಿ ಸೊಪ್ಪಿನ ವಾಸನೆ ಬೀರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಬಸಿದ ಎಲೆಯನ್ನೂ ಎಸೆಯದೆ ಬಿಡಿಸಿ ನೋಡುತ್ತಿದ್ದೆ. ಹಳೆಯ ಕ್ರಮದಲ್ಲಿ ಚೆನ್ನಾಗಿ ಹದಗೊಳಿಸಿದ ಎಲೆ ಹಸಿರು ಒಡಲಿಗೆ ಕೆಂಪು ಅಂಚಿನ ಸೀರೆಯಂತೆ ಕಾಣುತ್ತದೆ.

ಆ ಕೆಂಪು ಅಂಚಿನಲ್ಲಿಯೇ ಊಲಾಂಗಿನ ಗುಟ್ಟಿದೆ. ಕೊಯ್ದ ಎಲೆಯನ್ನು ಬಿಸಿಲಿನಲ್ಲಿ ಬಾಡಿಸಿ, ಒಳಗೆ ತಂದು ಬಿದಿರಿನ ತಟ್ಟೆಗಳಲ್ಲಿ ಹರಡಿ, ನಡುನಡುವೆ ಕೈಯಿಂದ ಮೆಲ್ಲಗೆ ಕದಲಿಸುತ್ತಾರೆ. ಆಗ ಎಲೆಯ ಅಂಚು ಜಜ್ಜಿ, ರಸ ಗಾಳಿಗೆ ತಾಗಿ ಕೆಂಪಾಗುತ್ತದೆ. ಹೆಚ್ಚಿಟ್ಟ ಬಾಳೆಕಾಯಿ ಕಪ್ಪಾಗುವುದೂ ಇದೇ ಬಗೆಯ ಕ್ರಿಯೆಯಿಂದ. ಬಾಳೆಕಾಯಿ ಕಪ್ಪಾಗದಿರಲೆಂದು ನಾವು ಮಜ್ಜಿಗೆ ನೀರಿನಲ್ಲಿ ಹಾಕಿದರೆ, ಅವರು ಬೇಕಾದಷ್ಟು ಕೆಂಪಾಗಲು ಬಿಟ್ಟು, ಸರಿಯಾದ ಗಳಿಗೆಯಲ್ಲಿ ಬಿಸಿ ಬಾಣಲೆಗೆ ಹಾಕಿ ನಿಲ್ಲಿಸುತ್ತಾರೆ. ಬೇಗ ನಿಲ್ಲಿಸಿದರೆ ಹೂವಿನ ಘಮ ಉಳಿಯುತ್ತದೆ, ತಡವಾಗಿ ನಿಲ್ಲಿಸಿದರೆ ಹಣ್ಣಿನ ಮತ್ತು ಜೇನಿನ ಕಡೆಗೆ ವಾಲುತ್ತದೆ. ಇದರ ಮೇಲೆ ಹುರಿತ ಬೇರೆ.

ತಳಿಯ ವ್ಯತ್ಯಾಸ ತಿಳಿಯಲು ನಾನು ಒಂದೇ ಎತ್ತರದ, ಹುರಿಯದ ಮೂರು ಚಹಾಗಳನ್ನು ಪಕ್ಕಪಕ್ಕದಲ್ಲಿಟ್ಟೆ. ಛಿಂಗ್‌ಶಿನ್, ಅಂದರೆ ‘ಹಸಿರು ಹೃದಯ’ದ ಹಳೆಯ ತಳಿ, ಮೊದಲ ಗುಟುಕಿನಲ್ಲಿ ಹೆಚ್ಚೇನೂ ಹೇಳಲಿಲ್ಲ, ನುಂಗಿದ ಮೇಲೆ ಗಂಟಲಿನಿಂದ ಸಿಹಿ ಎದ್ದು ಬಂತು. ನೆಲ್ಲಿಕಾಯಿ ತಿಂದು ನೀರು ಕುಡಿದವರಿಗೆ ಈ ಸಿಹಿಯನ್ನು ವಿವರಿಸಬೇಕಾಗಿಲ್ಲ. ಸಿಜಿಚುನ್ ಸಂಪಿಗೆಯಂತೆ ದೂರದಿಂದಲೇ ಮೂಗನ್ನು ಕರೆಯಿತು, ಆದರೆ ಎರಡನೆಯ ಬಟ್ಟಲಿಗೆ ಬೇಸರ ಹುಟ್ಟಿಸಿತು. ಜಿನ್‌ಶ್ವೆನ್ ಕಾಯಿಸಿ ಆರಿಸಿದ ಹಾಲಿನ ಕೆನೆಯನ್ನು ನೆನಪಿಸಿತು. ಇದು ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ತಳಿ; 1981ರಲ್ಲಿ ತೈವಾನ್ ಚಹಾ ಸಂಖ್ಯೆ 12 ಎಂದು ಬಿಡುಗಡೆಯಾಯಿತು. ತಳಿಯನ್ನು ರೂಪಿಸಿದ ವೂ ಝೆನ್‌ದ್ವೊ ಅವರು ಇದಕ್ಕೆ ತಮ್ಮ ಅಜ್ಜಿಯ ಹೆಸರನ್ನೂ, ಜೊತೆಗೇ ಬಂದ 13ನೆಯ ಸಂಖ್ಯೆಯ ಸ್ವೆಯ್‌ಯೂ ತಳಿಗೆ ತಾಯಿಯ ಹೆಸರನ್ನೂ ಇಟ್ಟರೆಂದು ಹೇಳುತ್ತಾರೆ. ಒಂದು ಎಚ್ಚರಿಕೆ: ನಿಜವಾದ ಜಿನ್‌ಶ್ವೆನ್‌ನ ಹಾಲಿನ ವಾಸನೆ ಬಹಳ ಮೆಲ್ಲನೆಯದು. ಪೊಟ್ಟಣ ಒಡೆದ ಕೂಡಲೇ ಬೇಕರಿಯ ಕ್ರೀಮ್ ಬಿಸ್ಕತ್ತು ಮೂಗಿಗೆ ಬಡಿದರೆ ಅದು ಮೇಲಿನಿಂದ ಹಾಕಿದ ಸುವಾಸನೆ.

ಬೆಟ್ಟದ ಎತ್ತರಕ್ಕೆ ಅಲ್ಲಿ ದೊಡ್ಡ ಬೆಲೆಯಿದೆ. 1000 ಮೀಟರಿಗಿಂತ ಮೇಲೆ ಬೆಳೆದದ್ದು ‘ಎತ್ತರದ ಬೆಟ್ಟದ ಚಹಾ’ ಎನಿಸಿಕೊಳ್ಳುತ್ತದೆ. ಅಲಿಶಾನ್, ಶಾನ್‌ಲಿನ್‌ಶಿ, ಅದಕ್ಕೂ ಮೇಲೆ 2000 ಮೀಟರ್ ದಾಟುವ ಲೀಶಾನ್. ಮಂಜು ಮತ್ತು ಚಳಿಯಲ್ಲಿ ನಿಧಾನವಾಗಿ ಬೆಳೆದ ಎಲೆ ದಪ್ಪವಾಗಿ, ಒಗರು ಕಡಿಮೆಯಾಗಿ, ಬಾಯಲ್ಲಿ ನುಣುಪಾಗಿ ಜಾರುತ್ತದೆ. ಅದು ನಿಜವಾದರೂ, ಹೆಚ್ಚಿನ ಎತ್ತರಕ್ಕೆ ತೆರುವ ಹೆಚ್ಚಿನ ಹಣ ಒಂದು ಹಂತದ ಮೇಲೆ ರುಚಿಗಿಂತ ಪ್ರತಿಷ್ಠೆಗೆ ಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಮುಚ್ಚಿದ ಕಣ್ಣಿನಲ್ಲಿ ನಾನು ಲೀಶಾನನ್ನೂ ಒಳ್ಳೆಯ ಅಲಿಶಾನನ್ನೂ ಅದಲುಬದಲು ಮಾಡಿದ್ದೇನೆ.

ತೈಪೆ ಬಳಿಯ ಪಿಂಗ್‌ಲಿನ್‌ನ ಬಾವ್‌ಝೋಂಗ್ ಉಂಡೆ ಕಟ್ಟದೆ ಹೊಸೆದಿಟ್ಟ, ಊಲಾಂಗುಗಳಲ್ಲೆಲ್ಲ ಹಸಿರಿಗೆ ಅತಿ ಸಮೀಪದ ಚಹಾ. ಮಳೆಯಲ್ಲಿ ತೊಯ್ದ ಹೂದೋಟದಂಥ ಅದರ ಘಮ ಬಲು ಸೂಕ್ಷ್ಮವಾದದ್ದು. ಅದನ್ನು ನಾನು ಅಡುಗೆಮನೆಯ ಕಪಾಟಿನಲ್ಲಿ, ಊರಿನಿಂದ ಬಂದ ಹುಳಿಪುಡಿಯ ಡಬ್ಬಿಯ ಪಕ್ಕದಲ್ಲಿ, ಬಾಯಿ ಸರಿಯಾಗಿ ಮುಚ್ಚದೆ ಇಟ್ಟಿದ್ದೆ. ಹತ್ತು ದಿನದಲ್ಲಿ ಬಟ್ಟಲಿನಿಂದ ಇಂಗಿನ ವಾಸನೆ ಎದ್ದಿತು. ಸಣ್ಣ ಉರಿಯಲ್ಲಿ ಮತ್ತೆ ಹುರಿದು ನೋಡಿದೆ. ಹೂವಿನ ಘಮ ಹೋಯಿತು, ಇಂಗು ಹೋಗಲಿಲ್ಲ.

ಹುರಿಯುವುದು ಸುಲಭವಲ್ಲ ಎಂದು ಅರಿವಾದ ಮೇಲೆಯೇ ನನಗೆ ನಾನ್‌ಟೋ ಜಿಲ್ಲೆಯ ಲೂಗುವಿನ ಡೋಂಗ್‌ಡಿಂಗ್ ಮೇಲೆ ಗೌರವ ಹುಟ್ಟಿತು. ಗಂಟೆಗಟ್ಟಲೆ ಹದವಾದ ಶಾಖದಲ್ಲಿಟ್ಟು, ತಣಿಸಿ, ಎಲೆ ವಿಶ್ರಮಿಸಲು ಬಿಟ್ಟು, ಮತ್ತೆ ಶಾಖಕ್ಕೆ ಒಡ್ಡುತ್ತಾರೆ. ಹುರಿದ ಅಕ್ಕಿ, ಪಾಕಕ್ಕೆ ಬಂದ ಬೆಲ್ಲ, ಕೊನೆಯಲ್ಲಿ ಒಣಹಣ್ಣು; ಇಷ್ಟೂ ಒಂದೇ ಗುಟುಕಿನಲ್ಲಿ ಸಿಗುತ್ತವೆ. ಕಾಫಿ ಕುಡಿದು ಬೆಳೆದವರಿಗೆ ಊಲಾಂಗಿನ ಪರಿಚಯ ಮಾಡಿಸಲು ನಾನು ಇದನ್ನೇ ಆರಿಸುತ್ತೇನೆ. ತೈಪೆಯ ಮೂಝಾದ ಟಿಯೆಗ್ವಾನ್‌ಯಿನ್ ಇನ್ನೂ ಗಾಢವಾಗಿದ್ದು, ಮಾಗಿದ ಹಣ್ಣಿನ ಸಣ್ಣ ಹುಳಿಯೊಂದು ಹಿಂದಿನಿಂದ ಇಣುಕುತ್ತದೆ.

ಸಿಂಚುವಿನಿಂದ ಬಸ್ಸಿನಲ್ಲಿ ಹೋಗಬಹುದಾದ ಬೇಯ್‌ಪು ಮತ್ತು ಎಮೇ, ಹಕ್ಕಾ ಜನರ ಊರುಗಳು. ‘ಪೂರ್ವದ ಸುಂದರಿ’ ಎಂಬ ಹೆಸರಿನ ಚಹಾ ಅಲ್ಲಿಯದು. ಇದರ ಜೇನಿನ ಘಮಕ್ಕೆ ಕಾರಣ ಒಂದು ಕೀಟ ಎಂದು ಅಲ್ಲಿನ ಬೆಳೆಗಾರರೊಬ್ಬರು ಗಿಡ ಅಲುಗಿಸಿ ತೋರಿಸಿದಾಗ ನಾನು ನಕ್ಕುಬಿಟ್ಟೆ, ಏಕೆಂದರೆ ಅಡ್ಡಡ್ಡ ನಡೆದು ಹಾರುವ ಆ ಹಸಿರು ಜೀವವನ್ನು ನೋಡಿಯೇ ನಾನು ಬೆಳೆದವನು. ಅದು ಜಿಗಿಹುಳು. ನಮ್ಮ ಹತ್ತಿ ಹೊಲದಲ್ಲಿ ಅದೇ ಬಳಗದ ಹುಳುವಿಗೆ ಅಪ್ಪ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುತ್ತಿದ್ದರು. ಇಲ್ಲಿ ಅದು ಬರಲೆಂದು ಬೇಸಿಗೆಯಲ್ಲಿ ಎಣ್ಣೆ ಹೊಡೆಯದೆ ಕಾಯುತ್ತಾರೆ. ಹುಳು ರಸ ಹೀರಿದಾಗ ಗಿಡ ತನ್ನ ರಕ್ಷಣೆಗೆಂದು ಹೊರಡಿಸುವ ಸುಗಂಧ ದ್ರವ್ಯಗಳೇ, ಎಲೆಯನ್ನು ಅರ್ಧಕ್ಕಿಂತ ಹೆಚ್ಚು ಕೆಂಪಾಗಲು ಬಿಟ್ಟಾಗ, ಜೇನು ಮತ್ತು ಮಾಗಿದ ಹಣ್ಣಿನ ಪರಿಮಳವಾಗಿ ನಿಲ್ಲುತ್ತವೆ. ಹುಳು ತಿಂದ ಎಲೆಗೆ ಭಾರಿ ಬೆಲೆ ಸಿಕ್ಕಿತೆಂದು ಒಬ್ಬ ರೈತ ಹೇಳಿದಾಗ ಊರವರು ನಂಬದ ಕಾರಣ ಇದಕ್ಕೆ ‘ಬಡಾಯಿ ಚಹಾ’ ಎಂಬ ಅಡ್ಡಹೆಸರೂ ಇದೆ. ಇಂಗ್ಲೆಂಡಿನ ರಾಣಿ ಹೆಸರಿಟ್ಟಳೆಂಬ ಕಥೆಯನ್ನು ಮಾತ್ರ ನಾನು ಬಡಾಯಿಯ ಲೆಕ್ಕಕ್ಕೇ ಸೇರಿಸುತ್ತೇನೆ. ಊರಿಗೆ ಬಂದಾಗ ಅಪ್ಪನಿಗೆ ಇದನ್ನು ಕೊಟ್ಟು ಕಥೆ ಹೇಳಿದೆ. ಅವರು ಬಟ್ಟಲು ಖಾಲಿ ಮಾಡಿ, ‘ಹಂಗಾದ್ರ ನಾವು ಇಷ್ಟ್ ವರ್ಷ ಎಣ್ಣಿಗೆ ಹಾಕಿದ ರೊಕ್ಕ?’ ಎಂದರು.

ಈಗ ಬೆಂಗಳೂರಿನಲ್ಲಿ ದಿನನಿತ್ಯ ಕುಡಿಯುವುದಕ್ಕೆ ಸ್ಪರ್ಧೆಯ ಕ್ರಮವನ್ನು ಬಳಸುವುದಿಲ್ಲ. 120 ಮಿಲಿಲೀಟರಿನ ಮುಚ್ಚಳದ ಬಟ್ಟಲಿಗೆ ಉಂಡೆ ಎಲೆ 6 ಗ್ರಾಂ ಹಾಕಿ, ಕುದಿನೀರಿನಲ್ಲಿ ಮೊದಲ ಸಲ 50 ಸೆಕೆಂಡು, ಎಲೆ ಬಿಚ್ಚಿಕೊಂಡ ಬಳಿಕ ಎರಡನೆಯ ಸಲ 35, ಆಮೇಲೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಐದಾರು ಬಾರಿ ಬಸಿಯುತ್ತೇನೆ. ‘ಪೂರ್ವದ ಸುಂದರಿ’ಗೆ ಮಾತ್ರ ಕುದಿ ಇಳಿದ, ಸುಮಾರು 85 ಡಿಗ್ರಿಯ ನೀರು. ಇಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನೀರೇ. ನಮ್ಮ ಕಟ್ಟಡದ ಕೊಳವೆಬಾವಿಯ ಗಡುಸು ನೀರಿನಲ್ಲಿ ಬಾವ್‌ಝೋಂಗ್ ಸಂಪೂರ್ಣ ಮೂಕವಾಯಿತು. ಕ್ಯಾನಿನ ನೀರು ತರಿಸಿದ ಮೇಲೆ ಅರ್ಧ ಮರಳಿತು. ಡೋಂಗ್‌ಡಿಂಗ್ ಎರಡರಲ್ಲೂ ತಕ್ಕಮಟ್ಟಿಗೆ ತನ್ನತನ ಉಳಿಸಿಕೊಂಡದ್ದರಿಂದ, ನೀರಿನ ಕ್ಯಾನ್ ಬಾರದ ದಿನ ಅದನ್ನೇ ಹಾಕುತ್ತೇನೆ.