ಕಕ್ಕಡದ ಮಳೆಯಲ್ಲಿ ಹಳೇ ಯೆಜ್ಡಿಯ ಎಫ್‌ಸಿ

ನಮ್ಮ ಯೆಜ್ಡಿ ರೋಡ್‌ಕಿಂಗ್ ಬೈಕ್ ರಿಜಿಸ್ಟರ್ ಆಗಿದ್ದು 1994ರ ಆಗಸ್ಟ್ ಮೊದಲ ವಾರದಲ್ಲಿ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಕೊಡಗಿನವರು ಒಳ್ಳೆ ಕೆಲಸ ಶುರು ಮಾಡುವುದಿಲ್ಲ, ಆದರೂ ಅಪ್ಪ ಅದೇ ತಿಂಗಳು ಗಾಡಿ ತಂದರು. ಅಜ್ಜಿ ಬೈದಿದ್ದು ನನಗೆ ಈಗಲೂ ನೆನಪಿದೆ. ಅಜ್ಜಿ ಹೇಳಿದ್ದು ಸರಿ ಅಂತ ನನಗೆ ಗೊತ್ತಾಗಿದ್ದು ಹದಿನೈದು ವರ್ಷ ಆದ ಮೇಲೆ.

ಸ್ವಂತ ಬೈಕಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ಗಾಡಿಯನ್ನು ಆರ್‌ಟಿಒ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಿ ರಿನ್ಯೂವಲ್ ಮಾಡಿಸಬೇಕು. ನಾವೆಲ್ಲ ಅದಕ್ಕೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಅಂತಲೇ ಹೇಳುವುದು. ಅವಧಿ ಮುಗಿಯುವ 60 ದಿನಕ್ಕಿಂತ ಮೊದಲು ಅರ್ಜಿ ಹಾಕುವ ಹಾಗಿಲ್ಲ. ಅಂದರೆ ನನ್ನ ಗಾಡಿಗೆ ಜೂನ್‌ನಿಂದ ಆಗಸ್ಟ್. ಆ ಎರಡು ತಿಂಗಳು ಮಡಿಕೇರಿಯಲ್ಲಿ ಒಣಗಿದ ಬಟ್ಟೆ ಸಿಗುವುದೇ ಕಷ್ಟ, ಇನ್ನು ಒಣಗಿದ ವೈರಿಂಗ್ ಎಲ್ಲಿಂದ ಬರಬೇಕು?

ಇವತ್ತಿನವರೆಗೆ ನಾಲ್ಕು ಸಲ ಮಾಡಿಸಿದ್ದೇನೆ. 2009, 2014, 2019, 2024. ಮೊದಲ ಎರಡು ಸಲ ವಾಪಸ್ ಕಳಿಸಿದರು, ಆಮೇಲಿನ ಎರಡು ಸಲ ಒಂದೇ ಏಟಿಗೆ ಪಾಸ್. ಗಾಡಿಗೆ ವಯಸ್ಸಾದಷ್ಟೂ ಫೇಲ್ ಆಗೋದು ಜಾಸ್ತಿ ಆಗಬೇಕು, ಅಲ್ವಾ? ನನಗೆ ಆಗಿದ್ದು ಉಲ್ಟಾ. ಎಂಜಿನ್ ವಿಷಯಕ್ಕೆ ನಾಲ್ಕರಲ್ಲಿ ಒಂದು ಸಲವೂ ಯಾರೂ ತಕರಾರು ಎತ್ತಲಿಲ್ಲ.

2009ರಲ್ಲಿ ಕೈಕೊಟ್ಟಿದ್ದು ಬ್ರೇಕ್ ಲೈಟ್. ಬೆಳಗ್ಗೆ ಸುಂಟಿಕೊಪ್ಪದ ಮನೆ ಅಂಗಳದಲ್ಲಿ ತಂಗಿಯನ್ನು ಹಿಂದೆ ನಿಲ್ಲಿಸಿ ಎಲ್ಲ ಲೈಟೂ ನೋಡಿದ್ದೆ, ಚೆನ್ನಾಗಿ ಉರಿಯುತ್ತಿತ್ತು. ಬೋಯಿಕೇರಿ ದಾಟಿ ಮಡಿಕೇರಿ ಹತ್ತುವಷ್ಟರಲ್ಲಿ ಮಳೆ ಹೊಡೆದು ಹಿಂದಿನ ಬ್ರೇಕಿನ ಸ್ವಿಚ್ಚಿಗೆ ನೀರು ಹೋಗಿತ್ತು. ಇನ್‌ಸ್ಪೆಕ್ಟರ್ "ಬ್ರೇಕ್ ಹಿಡೀರಿ" ಅಂದರು. ಹಿಡಿದೆ. "ಹಿಡೀರಿ ಅಂದೆ" ಅಂದರು. "ಹಿಡಿದಿದೀನಿ ಸಾರ್." ಅಷ್ಟೇ, ಮುಂದಿನ ವಾರ ಬನ್ನಿ ಅಂದರು.

ಮನೆಗೆ ಬಂದು ಬಿಚ್ಚಿ ನೋಡಿದರೆ ಸ್ವಿಚ್ಚಿನ ತುದಿ, ಬಲ್ಬ್ ಹೋಲ್ಡರ್, ಅರ್ತ್ ವೈರ್ ಕೂರುವ ಬೋಲ್ಟು, ಎಲ್ಲದಕ್ಕೂ ಹಸಿರು ಕಿಲುಬು. ಹಳೇ ಗಾಡಿಯಲ್ಲಿ ಬಲ್ಬ್ ಉರಿಯದಿದ್ದರೆ ನಾವು ಸುಮ್ನೆ ಬಲ್ಬ್ ಬದಲಾಯಿಸುತ್ತೇವೆ, ಆದರೆ ನನ್ನ ಗಾಡಿಯಲ್ಲಿ ಹತ್ತಕ್ಕೆ ಎಂಟು ಸಲ ತಪ್ಪು ಇರುವುದು ಅರ್ತ್‌ನಲ್ಲಿ. ಪೇಂಟ್ ಮೇಲೆ ತುಕ್ಕು, ತುಕ್ಕಿನ ಮೇಲೆ ಬೋಲ್ಟು, ಕರೆಂಟ್ ವಾಪಸ್ ಹೋಗುವುದು ಹೇಗೆ? ಈಗ ಮೇ ಕೊನೆಯ ಭಾನುವಾರ ಇದಕ್ಕೇ ಮೀಸಲು. ಎಮ್ರಿ ಪೇಪರ್‌ನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರುತ್ತೇನೆ. ಬ್ರೇಕ್ ಸ್ವಿಚ್ಚಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ದೇನೆ, ಕೆಳಗಿನ ಬದಿ ಬಿಟ್ಟು. ಪೂರ್ತಿ ಮುಚ್ಚಿದರೆ ಒಳಗೆ ಸೇರಿದ ನೀರು ಹೊರಗೆ ಬರುವುದಿಲ್ಲ.

2014ರದ್ದು ನನ್ನ ಸ್ವಂತ ದಡ್ಡತನ. ಗೊತ್ತಿದ್ದ ಮೆಕ್ಯಾನಿಕ್ ಒಬ್ಬರು "ಅಣ್ಣ, ಒಂದು ಕೋಟ್ ಪೇಂಟ್ ಹೊಡೆಸಿ, ಗಾಡಿ ಹೊಸದರ ಥರ ಕಾಣುತ್ತೆ, ಕಣ್ಣು ಮುಚ್ಚಿ ಪಾಸ್ ಮಾಡ್ತಾರೆ" ಅಂದರು. ಹೊಡೆಸಿದೆ. ಮರೂನ್ ಗಾಡಿ ಕಪ್ಪಾಯಿತು. ಆರ್‌ಸಿಯಲ್ಲಿ ಮರೂನ್ ಅಂತಲೇ ಇತ್ತು. ಅದು ಸಾಲದು ಅಂತ ಹ್ಯಾಂಡಲ್ ಬುಡದ ಚಾಸಿ ನಂಬರ್ ಮೇಲೂ ದಪ್ಪಗೆ ಪೇಂಟ್ ಕೂತಿತ್ತು. ಪೆನ್ಸಿಲ್ ಪ್ರಿಂಟ್ ತೆಗೆಯಲು ಕಾಗದ ಇಟ್ಟು ಉಜ್ಜಿದರೆ ಬಂದಿದ್ದು ಎರಡೇ ಅಂಕಿ. ಬಣ್ಣ ಬದಲಾದರೆ ಆರ್‌ಸಿಯಲ್ಲೂ ಬದಲಾಯಿಸಬೇಕು ಅನ್ನುವುದು ನನಗೆ ಆವತ್ತೇ ಗೊತ್ತಾಗಿದ್ದು. ಹಳೇ ಬಣ್ಣದಲ್ಲೇ ಬಿಟ್ಟಿದ್ದರೆ ಆವತ್ತೇ ಪಾಸ್ ಆಗುತ್ತಿತ್ತೋ ಏನೋ. ಮತ್ತೆ ಮರೂನ್ ಹೊಡೆಸಿದೆ. ನಂಬರ್ ಮೇಲಿನ ಪೇಂಟನ್ನು ಥಿನ್ನರ್ ಹಚ್ಚಿ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತೆಗೆದೆ. ಅಲ್ಲಿ ಎಮ್ರಿ ಪೇಪರ್ ಹಾಕಬೇಡಿ, ನಂಬರ್ ಸವೆದರೆ ತಿದ್ದಿದ್ದಾರೆ ಅನ್ನುವ ಅನುಮಾನ ಬರುತ್ತದೆ.

ಎಮಿಷನ್ ಟೆಸ್ಟ್ ಬೇರೆಯದೇ ಕತೆ. ಹಳೇ ಗಾಡಿಗೆ ಅದು ಆರು ತಿಂಗಳಿಗೊಮ್ಮೆ ಬೇಕು, ಬಿಎಸ್ 4 (ಹೊಗೆ ಮಿತಿಯ ಭಾರತ್ ಸ್ಟೇಜ್ 4 ಮಾನದಂಡ) ಮತ್ತು ಅದಕ್ಕಿಂತ ಹೊಸ ಗಾಡಿಗಳಿಗೆ ಮಾತ್ರ ಒಂದು ವರ್ಷ ನಡೆಯುತ್ತದೆ. ಯೆಜ್ಡಿಯದು ಪೆಟ್ರೋಲ್ ಜೊತೆ ಎಣ್ಣೆಯನ್ನೂ ಉರಿಸುವ ಟೂ ಸ್ಟ್ರೋಕ್ ಎಂಜಿನ್. ಟೂ ಸ್ಟ್ರೋಕ್ ಅಂದರೆ ಹೊಗೆ, ಪಾಸ್ ಆಗೋದೇ ಇಲ್ಲ ಅನ್ನುವವರು ಬಹಳ ಜನ. ಆದರೆ 2000ದ ಮಾರ್ಚ್ ಕೊನೆಯವರೆಗೆ ತಯಾರಾದ ಬೈಕುಗಳಿಗೆ ಇರುವ ಮಿತಿ ಸಡಿಲ. ಕಾರ್ಬನ್ ಮೊನಾಕ್ಸೈಡ್ 4.5 ಪರ್ಸೆಂಟ್, ಹೈಡ್ರೋಕಾರ್ಬನ್ 9000 ಪಿಪಿಎಂ. ಆಮೇಲೆ ಬಂದ ಟೂ ಸ್ಟ್ರೋಕ್‌ಗೆ 3.5 ಮತ್ತು 6000. ಇದರಲ್ಲೂ ನಾನು ಮೂರು ಸಲ ಫೇಲ್ ಆಗಿದ್ದೇನೆ ಅಂದರೆ ತಪ್ಪು ಗಾಡಿಯದಲ್ಲ.

ಮೊದಲನೆಯದು ಎಣ್ಣೆ. ಎಣ್ಣೆ ಜಾಸ್ತಿ ಇದ್ದಷ್ಟೂ ಎಂಜಿನ್‌ಗೆ ಒಳ್ಳೇದು ಅಂತ ಅಪ್ಪ ಲೀಟರ್ ಪೆಟ್ರೋಲ್‌ಗೆ ಅಂದಾಜಿನಲ್ಲಿ ಸುರಿಯುತ್ತಿದ್ದರು, ನಾನೂ ಅದೇ ಮುಂದುವರಿಸಿದ್ದೆ. ಈಗ ಅಳತೆ ಮಾಡಿ 40 ಎಂಎಲ್, ಅಷ್ಟೇ. ಎರಡನೆಯದು ಕಾರ್ಬ್ಯುರೇಟರ್. ಮೈಸೂರಿನಲ್ಲಿ ಟ್ಯೂನ್ ಮಾಡಿಸಿ ತಂದಿದ್ದೆ. ಮೈಸೂರು ಇರುವುದು ಸುಮಾರು 770 ಮೀಟರ್ ಎತ್ತರದಲ್ಲಿ, ಮಡಿಕೇರಿ ಸುಮಾರು 1150. ಮೇಲೆ ಹತ್ತಿದಂತೆ ಗಾಳಿ ತೆಳುವಾಗುತ್ತದೆ, ಪೆಟ್ರೋಲ್ ಮಾತ್ರ ಅಷ್ಟೇ ಹೋಗುತ್ತದೆ, ಮಿಕ್ಸ್ ಸ್ವಲ್ಪ ರಿಚ್ ಆಗುತ್ತದೆ, ಅಂದರೆ ಅದರಲ್ಲಿ ಪೆಟ್ರೋಲ್ ಪಾಲು ಜಾಸ್ತಿ. ಮಿತಿಯ ಅಂಚಿನಲ್ಲಿರುವ ಗಾಡಿಗೆ ಆ ಸ್ವಲ್ಪವೇ ಸಾಕು. ಈಗ ಮಿಕ್ಸ್ ಸರಿಮಾಡುವ ಏರ್ ಸ್ಕ್ರೂವನ್ನು ಇಲ್ಲೇ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ತಿರುಗಿಸುತ್ತೇನೆ. ಮೂರನೆಯದು ಸೈಲೆನ್ಸರ್ ಒಳಗೆ ಕಟ್ಟಿದ ಮಸಿ, ಕಾಸ್ಟಿಕ್ ಸೋಡಾ ನೀರಿನಲ್ಲಿ ಒಂದು ರಾತ್ರಿ ಇಟ್ಟೆ, ಹೋಯಿತು. ಗ್ಲೌಸ್ ಹಾಕಿಕೊಳ್ಳಿ, ನನ್ನ ಬೆರಳಿನ ಚರ್ಮ ಸುಲಿದಿತ್ತು.

2019ರಲ್ಲಿ ಸ್ವಲ್ಪ ತಡ ಮಾಡಿದ್ದರೂ ದಿನ ಸಿಗುವುದೇ ಕಷ್ಟವಾಗುತ್ತಿತ್ತು. ಆ ಆಗಸ್ಟ್‌ನಲ್ಲಿ ಪ್ರವಾಹ, ಭೂಕುಸಿತ, ಕೊಡಗಿನ ಅರ್ಧ ರಸ್ತೆಗಳು ಬಂದ್. ಪುಣ್ಯಕ್ಕೆ ನಾನು ಜುಲೈಯಲ್ಲೇ ಮುಗಿಸಿದ್ದೆ. ಆಗ ಕಲಿತ ಒಂದು ಉಪಾಯ ಹೇಳಬೇಕು. ರೋಡ್‌ಕಿಂಗ್‌ಗೆ ಎರಡೂ ಕಡೆ ಡ್ರಮ್ ಬ್ರೇಕ್. ಮಳೆಯಲ್ಲಿ ಬಂದು ನೇರವಾಗಿ ಬ್ರೇಕ್ ತೋರಿಸಿದರೆ ಲೈನರ್ ಒದ್ದೆಯಾಗಿ ಜಾರುತ್ತದೆ. ಅದಕ್ಕೆ ಕೊನೆಯ ಅರ್ಧ ಕಿಲೋಮೀಟರ್ ಹಿಂದೆ ಯಾರೂ ಇಲ್ಲದ ಕಡೆ ಬ್ರೇಕನ್ನು ಹಗುರವಾಗಿ ಹಿಡಿದುಕೊಂಡೇ ಓಡಿಸುತ್ತೇನೆ. ಬಿಸಿಗೆ ಒಣಗುತ್ತದೆ.

2024ರಲ್ಲಿ ನೋಡಿದ್ದು ಹತ್ತೇ ನಿಮಿಷ. ಲೈಟು, ಡಿಪ್, ಹಾರ್ನ್, ಕನ್ನಡಿ, ಟಯರ್, ಹೊಸ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು, ಚಾಸಿ ನಂಬರ್. ಇನ್‌ಸ್ಪೆಕ್ಟರ್ ನನಗಿಂತ ಚಿಕ್ಕವರು. ಸ್ಟಾರ್ಟ್ ಮಾಡಲು ಹೋಗಿ ಬಲಗಡೆ ಕಿಕ್ಕರ್ ಹುಡುಕುತ್ತಿದ್ದರು. ಎಡಗಡೆಯ ಗೇರ್ ಲಿವರನ್ನೇ ಒಳಗೆ ಒತ್ತಿ ಎತ್ತಿದರೆ ಅದೇ ಕಿಕ್ಕರ್ ಅಂತ ತೋರಿಸಿದೆ. ನಕ್ಕು, ತಾವೇ ಎರಡು ಸಲ ಮಾಡಿ ನೋಡಿದರು. ಫೀಸು 1000 ರೂಪಾಯಿ, ಗ್ರೀನ್ ಟ್ಯಾಕ್ಸ್ 250. ತಡ ಮಾಡಿದರೆ ಬೈಕಿಗೆ ತಿಂಗಳಿಗೆ 300 ರೂಪಾಯಿ ಸೇರುತ್ತಾ ಹೋಗುತ್ತದೆ.

2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಬೈಕುಗಳ ಫೀಸನ್ನು 2000 ಮಾಡಿದರು. ನನ್ನ ಮುಂದಿನ ಸರದಿ 2029ಕ್ಕೆ. ಸೀಟಿನ ಕೆಳಗೆ ಒಂದು ಬ್ರೇಕ್ ಲೈಟ್ ಬಲ್ಬ್, ಎರಡು ಫ್ಯೂಸ್, ಒಂದು ಪ್ಲಗ್, ಒಣ ಬಟ್ಟೆ ಕಟ್ಟಿಟ್ಟಿದ್ದೇನೆ. ಬಟ್ಟೆ ಮಾತ್ರ ಪ್ಲಾಸ್ಟಿಕ್ ಕವರಿನಲ್ಲಿ.