ಫುಟ್‌ಬಾಲ್ ಮ್ಯಾನೇಜರ್: ಹೊಸಬರನ್ನು ತಂಡಕ್ಕೆ ಹೊಂದಿಸಿಕೊಳ್ಳುವ ಬಗೆ

ಕಾರವಾರದವರಿಗೆ ಬೆಂಗಳೂರಿಗಿಂತ ಮಡಗಾಂವ್ ಹತ್ತಿರ. ಹಾಗಾಗಿ ಕ್ಲಬ್ ನಡೆಸುವ ಕಂಪ್ಯೂಟರ್ ಆಟವಾದ ಫುಟ್‌ಬಾಲ್ ಮ್ಯಾನೇಜರ್ 2024ರಲ್ಲಿ ನಾನು ಆಡಿಸುವುದು ಎಫ್‌ಸಿ ಗೋವಾ. ಇಲ್ಲಿ ಬರೆದದ್ದೆಲ್ಲ ಆ ಸೇವ್‌ನಲ್ಲಿ, ಅಂದರೆ ಉಳಿಸಿಟ್ಟು ಮುಂದುವರಿಸುವ ಆಟದಲ್ಲಿ, ಮಾಡಿ ನೋಡಿದ್ದು. ತಂಡ ಬೇರೆಯಾದರೂ ಲೆಕ್ಕ ಹೆಚ್ಚೇನೂ ಬದಲಾಗುವುದಿಲ್ಲ.

20ಕ್ಕೆ ಪಾಸಿಂಗ್ 14, ವಿಷನ್ 14 ಇರುವ ಮಿಡ್‌ಫೀಲ್ಡರ್‌ನನ್ನು ತಂದು ಮರುವಾರವೇ ಪಂದ್ಯಕ್ಕಿಳಿಸಿದರೆ ಅವನು 6.5 ರೇಟಿಂಗ್‌ನಲ್ಲಿ ಒದ್ದಾಡುವುದು ಮಾಮೂಲಿ. ಅಂಥವನನ್ನು ಜನವರಿಯಲ್ಲಿ ಅರ್ಧ ಬೆಲೆಗೆ ಮಾರಿಬಿಡುವವರು ಬಹಳ. ಅವನ ಅಂಕಿಗಳು ಸರಿಯಾಗಿಯೇ ಇರುತ್ತವೆ. ತಂಡದ ಟ್ಯಾಕ್ಟಿಕ್ ಅವನಿಗೆ ಗೊತ್ತಿಲ್ಲ, ಪಕ್ಕದಲ್ಲಿ ಆಡುವವನ ಜತೆ ಮಾತಿಲ್ಲ, ಮೈ ಪಂದ್ಯಕ್ಕೆ ಹದವಾಗಿಲ್ಲ. ಮೂರಕ್ಕೂ ಬೇರೆ ಬೇರೆ ಮದ್ದು.

ಕೆಲಸ ಶುರುವಾಗುವುದು ಕೊಳ್ಳುವಾಗಲೇ. ಹೊಂದಿಕೊಳ್ಳುವ ಗುಣಕ್ಕೆ, ಅಂದರೆ ಅಡಾಪ್ಟೆಬಿಲಿಟಿಗೆ, ಒಂದು ಅಂಕಿ ಇದೆ. ಆದರೆ ಆಟ ಅದನ್ನು ತೋರಿಸುವುದಿಲ್ಲ. ಸ್ಕೌಟ್ ವರದಿಯ ಗುಣದೋಷಗಳ ಪಟ್ಟಿಯಲ್ಲಿ ಅದರ ಸುಳಿವಷ್ಟೇ ಸಿಗುತ್ತದೆ. ಹೊಸ ದೇಶಕ್ಕೆ ಒಗ್ಗುವುದು ಕಷ್ಟ ಎಂಬ ಸಾಲು ಕಂಡರೆ ಅವನ ಭಾಷೆಯವರು ತಂಡದಲ್ಲಿ ಇದ್ದಾರೆಯೇ ನೋಡಿ. ಇಲ್ಲದಿದ್ದರೆ ನಾನು ಕೈಬಿಡುತ್ತೇನೆ. ಸೀಬರ್ಡ್ ನೌಕಾನೆಲೆಗೋ ಕೈಗಾ ಅಣುಸ್ಥಾವರಕ್ಕೋ ವರ್ಗವಾಗಿ ಬಂದವರು ಮೊದಲು ತಮ್ಮ ಭಾಷೆಯವರ ಮನೆ ಹುಡುಕುವುದನ್ನು ನಾವು ಕಾಣುತ್ತಲೇ ಇರುತ್ತೇವೆ. ಡ್ರೆಸ್ಸಿಂಗ್ ರೂಮಿನಲ್ಲಿ ಗುಂಪು ಕಟ್ಟುವುದೂ ಹಾಗೇ. ಇಲ್ಲಿ ದೇಶಕ್ಕಿಂತ ಭಾಷೆ ದೊಡ್ಡದು: ತಂಡದಲ್ಲಿ ಸ್ಪೇನ್‌ನವರಿದ್ದರೆ ಅರ್ಜೆಂಟೀನಾದವನು ಬೇಗ ಸೇರಿಕೊಳ್ಳುತ್ತಾನೆ, ಬ್ರೆಜಿಲ್‌ನವನು ತಡ. ಯಾರ ಭಾಷೆಯೂ ಬಾರದವನನ್ನು ತರಲೇಬೇಕಾದರೆ ಬಂದ ದಿನವೇ ತೀವ್ರ ಭಾಷಾ ತರಬೇತಿಗೆ ಕಳಿಸಿ. ಸೀಸನ್ ಅರ್ಧ ಮುಗಿದ ಮೇಲೆ ನೆನಪಾದರೆ ಆ ವರ್ಷ ಹೋಯಿತೆಂದೇ ಲೆಕ್ಕ.

ಎಷ್ಟು ಜನ? ಮೊದಲ ಹನ್ನೊಂದಕ್ಕೆ ಒಂದು ವಿಂಡೋದಲ್ಲಿ (ಆಟಗಾರರನ್ನು ಕೊಳ್ಳುವ-ಮಾರುವ ಅವಧಿಯಲ್ಲಿ) ಮೂವರು, ಹೆಚ್ಚೆಂದರೆ ನಾಲ್ವರು. ಏಳೆಂಟು ಜನರನ್ನು ಒಟ್ಟಿಗೆ ತಂದರೆ ತಂಡದ ಒಗ್ಗಟ್ಟು ಕುಸಿಯುತ್ತದೆ. ಅದರ ಮೇಲೆ ಟೀಮ್ ಲೀಡರ್ ಪಟ್ಟಿಯಲ್ಲಿರುವ ಹಳಬರನ್ನೂ ಅದೇ ವಿಂಡೋದಲ್ಲಿ ಮಾರಿದರೆ ಕೇಳುವುದೇ ಬೇಡ. ಹೊಸಬರೆಲ್ಲ ಸಾಮಾನ್ಯವಾಗಿ ತಂಡದಲ್ಲಿ ಯಾರ ಪ್ರಭಾವ ಎಷ್ಟೆಂದು ತೋರಿಸುವ ಡೈನಮಿಕ್ಸ್ ಪುಟದ ತಳದಲ್ಲಿ ನಿಲ್ಲುತ್ತಾರೆ, ಮೇಲೆ ಹಿಡಿದುಕೊಳ್ಳುವವರೇ ಇರುವುದಿಲ್ಲ. ಮಾರುವ ಹಿರಿಯನನ್ನು ಒಂದು ವಿಂಡೋ ತಡವಾಗಿ ಮಾರಿ. ಸ್ವಲ್ಪ ದುಡ್ಡು ಕಡಿಮೆ ಬಂದರೂ ಸರಿ.

ಹೆಚ್ಚಿನವರು ಎಡವುವುದು ಕರಾರಿನಲ್ಲಿ. ಈ ಆವೃತ್ತಿಯಲ್ಲಿ ಗೋವಾ ಆಡುವ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಆರು ವಿದೇಶಿಯರನ್ನು ಇಟ್ಟುಕೊಳ್ಳಬಹುದು, ಮೈದಾನದಲ್ಲಿ ಒಮ್ಮೆಗೆ ನಾಲ್ವರೇ. ಏಜೆಂಟ್ ಕೇಳಿದ ಎಂದು ಆರೂ ಜನರಿಗೆ ‘ರೆಗ್ಯುಲರ್ ಸ್ಟಾರ್ಟರ್’ (ಸಾಮಾನ್ಯವಾಗಿ ಮೊದಲ ಹನ್ನೊಂದರಲ್ಲಿ ಆಡುವವನು) ಎಂದು ಬರೆದುಕೊಟ್ಟರೆ ಪ್ರತಿ ಪಂದ್ಯಕ್ಕೂ ಇಬ್ಬರು ಮುಖ ಊದಿಸಿಕೊಂಡು ಬೆಂಚಿನಲ್ಲಿ ಕೂರುತ್ತಾರೆ. ಒಂದೆರಡು ತಿಂಗಳಲ್ಲಿ ಒಬ್ಬ ನಿಮ್ಮ ಬಾಗಿಲಿಗೆ ಬರುತ್ತಾನೆ, ಅವನ ಗುಂಪಿನವರು ಅವನ ಬೆನ್ನಿಗೆ. ನಾನು ಮೂವರಿಗೆ ಮಾತ್ರ ‘ರೆಗ್ಯುಲರ್ ಸ್ಟಾರ್ಟರ್’ ಅಥವಾ ಅದಕ್ಕಿಂತ ಮೇಲಿನ ಸ್ಥಾನ ಕೊಡುತ್ತೇನೆ, ಉಳಿದ ಮೂವರು ‘ಸ್ಕ್ವಾಡ್ ಪ್ಲೇಯರ್’. ಅದಕ್ಕೆ ಒಪ್ಪದವನ ಜತೆ ಮಾತುಕತೆ ಅಲ್ಲಿಗೇ ಮುಗಿಸುವುದು ಮೇಲು. ಚೆನ್ನಾಗಿ ಆಡಿದವನ ಸ್ಥಾನವನ್ನು ಆಮೇಲೆ ಏರಿಸಬಹುದು, ಖುಷಿಪಡುತ್ತಾನೆ. ಇಳಿಸಿದರೆ ಸಿಟ್ಟಾಗುತ್ತಾನೆ.

ಇನ್ನು ಪ್ರೀ-ಸೀಸನ್. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದ 61 ದಿನ ನಮ್ಮ ಬೈತಖೋಲ ಬಂದರಿನಲ್ಲಿ ಬೋಟುಗಳು ದಡ ಸೇರಿ ಬಲೆ ರಿಪೇರಿ ನಡೆಯುತ್ತದಲ್ಲ, ಅದೇ ಕೆಲಸ ಇದು. ಆರು ವಾರ ಬೇಕು. ಮೊದಲೆರಡು ವಾರ ದೈಹಿಕ ಸೆಷನ್‌ಗಳಿಗೇ ಹೆಚ್ಚು ಜಾಗ, ಜತೆಗೆ ವಾರಕ್ಕೆರಡು ‘ಟೀಮ್ ಬಾಂಡಿಂಗ್’. ಮೂರನೇ ವಾರದಿಂದ ಮೈ ದಣಿಸುವುದನ್ನು ಇಳಿಸಿ ವಾರಕ್ಕೆ ಎರಡು ‘ಮ್ಯಾಚ್ ಪ್ರಾಕ್ಟೀಸ್’, ಒಂದು ‘ಟೀಮ್‌ವರ್ಕ್’, ಒಂದು ‘ಕಮ್ಯುನಿಟಿ ಔಟ್‌ರೀಚ್’. ಟ್ಯಾಕ್ಟಿಕ್ ಪರಿಚಯದ ಪಟ್ಟಿ ಏರುವುದು ಮ್ಯಾಚ್ ಪ್ರಾಕ್ಟೀಸ್‌ನಲ್ಲಿ, ಒಗ್ಗಟ್ಟು ಏರುವುದು ಬಾಂಡಿಂಗ್ ಮತ್ತು ಔಟ್‌ರೀಚ್‌ನಲ್ಲಿ. ಸೌಹಾರ್ದ ಪಂದ್ಯ ಆರೇಳು ಸಾಕು, ಮೊದಲ ಮೂರು ನಮಗಿಂತ ದುರ್ಬಲರ ಜತೆ. ದೊಡ್ಡ ತಂಡ ಕರೆಸಿ 5-0 ಸೋತರೆ ಟಿಕೆಟ್ ದುಡ್ಡು ಬರುತ್ತದೆ, ಹುಡುಗರ ಮನಸ್ಸು ಹೋಗುತ್ತದೆ. (ಜುಲೈ ಮಳೆಗೆ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಆಟೋಸೇವ್ ವಾರಕ್ಕೊಮ್ಮೆ, ಮೂರು ಫೈಲು ಸರದಿಯಲ್ಲಿ ಇಟ್ಟುಕೊಳ್ಳಿ.)

ಸೌಹಾರ್ದ ಪಂದ್ಯಗಳಲ್ಲಿ ಹೊಸಬನಿಗೆ ಮೊದಲು 45 ನಿಮಿಷ, ಆಮೇಲೆ 60, ಕೊನೆಯ ಎರಡರಲ್ಲಿ 90. ಹೃದಯದ ಚಿಹ್ನೆ ಹಸಿರಿದ್ದರೆ ಸಾಲದು. ಅದು ದಣಿವಿನ ಲೆಕ್ಕ. ಪಕ್ಕದ ಶಾರ್ಪ್‌ನೆಸ್ (ಪಂದ್ಯಕ್ಕೆ ಮೈ ಎಷ್ಟು ಹದವಾಗಿದೆ ಎಂಬುದರ) ಚಿಹ್ನೆ ನೋಡಿ, ಮೊದಲ ತಿಂಗಳು ಕೈಕೊಡುವುದು ಅದೇ. ಇನ್ನೊಂದು: ಅವನನ್ನು ಯಾರ ಪಕ್ಕ ಆಡಿಸಬೇಕೆಂದಿದ್ದೀರೋ ಅವರ ಜತೆಗೇ ಆಡಿಸಿ. ಹೊಸ ಸೆಂಟರ್ ಬ್ಯಾಕ್‌ನನ್ನು ದ್ವಿತೀಯಾರ್ಧದ ಬದಲಿ ಹುಡುಗರ ಜತೆ ನಿಲ್ಲಿಸಿದರೆ ಅವನಿಗೆ ನಿಮಿಷ ಸಿಗುತ್ತದೆ, ಜೋಡಿ ಕೂಡುವುದಿಲ್ಲ.

ಟ್ಯಾಕ್ಟಿಕ್‌ಗೆ ಮೂರು ಜಾಗ ಇವೆ ಎಂದು ಮೂರು ಬೇರೆ ಫಾರ್ಮೇಶನ್ ತುಂಬಬೇಡಿ. ಹೊಸಬರು ಬಂದ ವರ್ಷ ನನ್ನದು ಒಂದೇ 4-2-3-1. ಎರಡನೇ ಜಾಗದಲ್ಲಿ ಅದರದೇ ಸ್ವಲ್ಪ ಹುಷಾರಿನ ರೂಪ. ಹೊಸ ಲೆಫ್ಟ್ ಬ್ಯಾಕ್‌ನನ್ನು ಅವನು ಹಳೇ ಕ್ಲಬ್ಬಿನಲ್ಲಿ ಆಡುತ್ತಿದ್ದ ರೋಲ್‌ನಲ್ಲೇ ಮೊದಲ ಹತ್ತು ಪಂದ್ಯ ಆಡಿಸಿ. ವಿಂಗ್ ಬ್ಯಾಕ್ ಮಾಡುವ ಆಸೆಯಿದ್ದರೆ ವೈಯಕ್ತಿಕ ತರಬೇತಿಯಲ್ಲಿ ಈಗಲೇ ಹಾಕಿಡಿ, ಪಂದ್ಯದಲ್ಲಿ ಬೇಡ.

ಹಿರಿಯರ ಗುಣ ಕಿರಿಯರಿಗೆ ದಾಟಿಸುವ ಮೆಂಟರಿಂಗ್ ಗುಂಪಿಗೆ ಕನಿಷ್ಠ ಮೂವರು ಬೇಕು. ಇಪ್ಪತ್ತರ ಹುಡುಗನೊಬ್ಬ ಬಂದರೆ ಅವನನ್ನು ಇಬ್ಬರು ಹಿರಿಯರ ನಡುವೆ ಹಾಕುತ್ತೇನೆ. ಇಬ್ಬರೂ ತಂಡದಲ್ಲಿ ಪ್ರಭಾವಿಗಳು, ವೃತ್ತಿಪರ ಸ್ವಭಾವದವರು. ಹಾಕುವ ಮುಂಚೆ ಹಿರಿಯರ ಟ್ರೇಟ್ಸ್, ಅಂದರೆ ಆಟದ ರೂಢಿಗಳನ್ನು, ಓದಿ. ದೂರದಿಂದ ಶಾಟ್ ಹೊಡೆಯುವ ಚಟ ಹಿರಿಯನಿಗಿದ್ದರೆ ಹುಡುಗನಿಗೂ ಅಂಟಬಹುದು, ಲಾಂಗ್ ಶಾಟ್ಸ್ 7 ಇರುವವನಿಗೆ ಅದು ಶಾಪ. ಎರಡು ಮೂರು ತಿಂಗಳಿಗೊಮ್ಮೆ ಗುಂಪು ತೆರೆದು ಪ್ರಭಾವ ಏನೂ ಇಲ್ಲ ಎಂದು ಕಂಡವನನ್ನು ಬದಲಿಸಿ.

ಹೊಗಳಿಕೆ ಹಿತಮಿತವಾಗಿರಲಿ. ತರಬೇತಿ ರೇಟಿಂಗ್ 8 ದಾಟಿದ ವಾರ ಒಂದು ಮಾತು ಆಡಿದರೆ ಕೆಲಸ ಮಾಡುತ್ತದೆ, ಪ್ರತಿ ವಾರವೂ ಆಡಿದರೆ ಮಾತಿಗೆ ಬೆಲೆಯಿಲ್ಲ.

ಜನವರಿಯಲ್ಲಿ ತಂದವನಿಗೆ ಈ ಆರು ವಾರವಿಲ್ಲ. ಆಗ ವಾರದ ಮಧ್ಯೆ ಮೀಸಲು ತಂಡಕ್ಕೊಂದು ಸೌಹಾರ್ದ ಪಂದ್ಯ ಹೊಂದಿಸಿ ಅಲ್ಲಿ 60 ನಿಮಿಷ ಆಡಿಸುತ್ತೇನೆ, ಲೀಗ್‌ನಲ್ಲಿ ಕೊನೆಯ 25 ನಿಮಿಷಕ್ಕೆ ಇಳಿಸುತ್ತೇನೆ. ನಾಲ್ಕನೇ ಪಂದ್ಯಕ್ಕೆ ಮೊದಲ ಹನ್ನೊಂದು.